ಮಲಗಿದ ಏಣಿಗೆ ಬಿದ್ದ ಓಟು

ಪಿರಿಯಾಪಟ್ಟಣದ ಬಸ್ಸು

ವಿದೇಶ ಪ್ರವಾಸ ಎಂದೊಡನೆ ಹಡಗು, ಕೋಟು, ಮುಳ್ಳುಚಮಚಗಳನ್ನು ನಿರೀಕ್ಷಿಸುವವರು ಈ ಬರಹವನ್ನು ಇಲ್ಲಿಗೇ ಮಡಿಸಿಡಬಹುದು. ನಾನು ಹೋದ ದೇಶಕ್ಕೆ ಹುಣಸೂರಿನಿಂದ ಬಸ್ಸಿದೆ. ಬೆಳಿಗ್ಗೆ ಮುದ್ದೆ ನುಂಗಿ ಹೊರಟರೆ ಮತ್ತೆ ಹಸಿವಾಗುವುದರೊಳಗೆ ಪರರಾಜ್ಯ. ಆದರೂ ಅದು ಬೇರೆ ದೇಶವೇ ಎಂದು ನಾನು ವಾದಿಸಬಲ್ಲೆ. ಕೊಡಗಿಗೆ ತನ್ನದೇ ಸರ್ಕಾರವಿದೆ, ತನ್ನದೇ ಪೊಲೀಸರಿದ್ದಾರೆ, ನಮ್ಮ ಮೈಸೂರಿನ ಕಾಯಿದೆ ಅಲ್ಲಿ ನಡೆಯುವುದಿಲ್ಲ. ನಮ್ಮ ಹೋಟೆಲುಗಳಲ್ಲಿ ಮಹಾರಾಜರ ಪಟ ಇರುವ ಜಾಗದಲ್ಲಿ ಅವರು ಕೋವಿ ನೇತುಹಾಕುತ್ತಾರೆ. ಇದಕ್ಕಿಂತ ವಿದೇಶ ಬೇಕೆ?

ನನ್ನನ್ನು ಕಳಿಸಿದವಳು ಅವ್ವ. ನಾನು ಹುಣಸೂರಿನ ಮಿಡ್ಲ್ ಸ್ಕೂಲಿನ ಮೇಷ್ಟ್ರು. ನನ್ನ ಅಕ್ಕ ಸಾಕಮ್ಮನನ್ನು ಬೋರೇಗೌಡರಿಗೆ ಕೊಟ್ಟಿದೆ. ಮದುವೆಯಾದ ಹೊಸದರಲ್ಲೇ ಭಾವ ಹೊಳೆಯಾಚೆ ಕೊಡಗಿಗೆ ಹೋಗಿ, ನಮ್ಮ ಕಡೆಯ ಇನ್ನಷ್ಟು ಒಕ್ಕಲುಗಳ ಜೊತೆ ಮಾದಾಪುರದ ಹತ್ತಿರ ಗದ್ದೆ ಮಾಡಿಕೊಂಡು ನೆಲೆ ನಿಂತರು. ಈಗ ಅವರು, ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಗೆ, ಕೊಡಗಿನಲ್ಲಿ ನಿಂತಿದ್ದಾರೆಂಬ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂದು ಅವ್ವ ಒಲೆ ಮುಂದಿನಿಂದ ಎದ್ದೇ ಬಿಟ್ಟಳು.

“ಗೋಡೆ ಮೇಲೆ ಚಟ್ಟ ಬರ್ಸವ್ನಂತೆ ಕಣ್ಲಾ ನಿನ್ ಭಾವ! ಮುತ್ತೈದೆ ಇರೋ ಮನೆ ಬಾಗ್ಲಲ್ಲಿ! ಹೋಗಿ ನನ್ ಮಗಳ್ನ ಕರ್ಕೊಂಡ್ ಬಾ. ಅವ್ನೂ ಬತ್ತೀನಿ ಅಂದ್ರೆ ಬರ್ಲಿ.”

ಚಟ್ಟ ಎಂದರೆ ಹೆಣ ಹೊರುವ ಬಿದಿರಿನದು. ಭಾವ ಬರೆಸಿದ್ದು ಅದಲ್ಲ, ಏಣಿ. ಓದು ಬಾರದವರಿಗೆ ಗುರುತು ಸಿಗಲೆಂದು ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಚಿತ್ರ ಕೊಟ್ಟಿದ್ದರು. ಭಾವನ ಪಾಲಿಗೆ ಏಣಿ ಬಂದಿತ್ತು. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅವ್ವ ಕೇಳಲಿಲ್ಲ. “ಎಲ್ಡು ಬಿದಿರು, ನಡುವೆ ಅಡ್ಡಪಟ್ಟಿ. ಅದೇ ಅಲ್ವಾ ಚಟ್ಟ?” ಎಂದಳು. ನಾಮಪತ್ರ ವಾಪಸು ತೆಗೆಯುವ ದಿನವೂ ಮುಗಿದಿತ್ತು. ಅಕ್ಕನನ್ನು ಕರೆತರುವುದೊಂದೇ ಉಳಿದ ಕೆಲಸ ಎಂದು ರಜೆ ಬರೆದುಕೊಟ್ಟು, ಒಂದು ಡಬ್ಬಿ ಎಳ್ಳುಬೆಲ್ಲ ಹಿಡಿದುಕೊಂಡು ಬಸ್ಸು ಹತ್ತಿದೆ. ಸಂಕ್ರಾಂತಿ ಆಗಷ್ಟೇ ಕಳೆದಿತ್ತು.

ಕಾವೇರಿಯ ಸೇತುವೆ

ಈ ಸೇತುವೆಯ ಈ ತುದಿಯಲ್ಲಿ ನಮ್ಮ ರಾಜ್ಯದ ಕಾವಲಿನವನು, ಆ ತುದಿಯಲ್ಲಿ ಅವರ ಕಾವಲಿನವನು. ಇಬ್ಬರೂ ಹುಡುಕುವುದು ಅಕ್ಕಿಯನ್ನೇ. ಅಕ್ಕಿ ಅಲ್ಲಿಂದ ಇಲ್ಲಿಗೆ ಕದ್ದು ಬರುತ್ತದೆಯೇ ಹೊರತು ಇಲ್ಲಿಂದ ಅಲ್ಲಿಗೆ ಹೊರುವ ಮೂಢ ಇನ್ನೂ ಹುಟ್ಟಿಲ್ಲ. ಆದರೂ ಕೊಡಗಿನ ಕಾವಲಿನವನು ನನ್ನ ಡಬ್ಬಿ ಬಿಚ್ಚಿಸಿದ.

“ಇದು ಎಂಥದು?”

“ಎಳ್ಳುಬೆಲ್ಲ. ತಗೊಂಡು ಒಳ್ಳೆ ಮಾತಾಡಿ.”

ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ನನ್ನ ಕೊಡೆ, ಚಪ್ಪಲಿ ಎಲ್ಲ ನೋಡಿದ. “ಮೈಸೂರಿನವರಾ? ಹಾಗಾದ್ರೆ ಸೇರೋ ಪಾರ್ಟಿಗೆ ಕೆಲಸ ಮಾಡೋಕೆ ಬಂದದ್ದು.”

“ಅಲ್ಲಪ್ಪ, ಅಕ್ಕನ ಮನೆಗೆ.”

“ಅಂಥ ಪಾರ್ಟಿ ಇಲ್ಲವಲ್ಲ,” ಎಂದ. ತಮಾಷೆಗಲ್ಲ, ನಿಜಕ್ಕೂ ಯೋಚಿಸಿ ಹೇಳಿದ.

ಆ ದೇಶದ ರಾಜಕೀಯವನ್ನು ಅವನಷ್ಟು ಚಿಕ್ಕದಾಗಿ ಯಾರೂ ನನಗೆ ತಿಳಿಸಲಿಲ್ಲ. ಅಲ್ಲಿರುವುದು ಎರಡೇ ಕಡೆ. ಕೊಡಗು ಮೈಸೂರಿಗೆ ಸೇರಬೇಕು ಎನ್ನುವವರು ಒಂದು, ಸೇರಕೂಡದು ಎನ್ನುವವರು ಇನ್ನೊಂದು. ಜನರ ಬಾಯಲ್ಲಿ ಅವರು ಸೇರೋರು, ಇವರು ಸೇರದೋರು. ಹೆಣ್ಣು ಕೊಡುವುದು, ಗದ್ದೆ ಗುತ್ತಿಗೆಗೆ ಕೊಡುವುದು, ಕೊನೆಗೆ ಕ್ಷೌರಕ್ಕೆ ಕೂರುವುದೂ ಅದರ ಮೇಲೆಯೇ. ಈ ಎರಡರ ನಡುವೆ ನಮ್ಮ ಭಾವ ಹೋಗಿ ನಿಂತಿದ್ದರು.

ಕುಶಾಲನಗರ

ಊರಿಗೆ ಎರಡು ಹೆಸರು. ಬೋರ್ಡಿನ ಮೇಲೆ ಫ್ರೇಜರ್‌ಪೇಟೆ, ಬಾಯಲ್ಲಿ ಕುಶಾಲನಗರ. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಒಂದು ಹೋಟೆಲಿಗೆ ನುಗ್ಗಿದೆ. ಒಳಗೆ ಮೂರು ಸಾಲು ಮೇಜು. ಎಡಗಡೆ ಕಿಕ್ಕಿರಿದಿತ್ತು, ಬಲಗಡೆ ಕಿಕ್ಕಿರಿದಿತ್ತು, ನಡುವಿನ ಸಾಲು ಖಾಲಿ. ನನ್ನ ಅದೃಷ್ಟ ಎಂದುಕೊಂಡು ನಡುವೆ ಕೂತೆ. ಕೂತೇ ಇದ್ದೆ. ಎರಡೂ ಕಡೆಯವರು ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಮಾಣಿ ಬಂದವನು ಬಗ್ಗಿ ಕಿವಿಯಲ್ಲಿ ಹೇಳಿದ: “ಆ ಕಡೆ ಆದ್ರೂ ಕೂರಿ, ಈ ಕಡೆ ಆದ್ರೂ ಕೂರಿ ಸ್ವಾಮಿ. ಇಲ್ಲಿ ಯಾರೂ ಕೂರೋದಿಲ್ಲ.”

ನಾನು ಮಕ್ಕಳಿಗೆ ಪೌರನೀತಿ ಪಾಠ ಮಾಡುವವನು. ಪ್ರಜಾಪ್ರಭುತ್ವಕ್ಕೆ ಎರಡು ಪಕ್ಷ ಗಾಡಿಗೆ ಎರಡು ಗಾಲಿ ಇದ್ದಂತೆ ಎಂದು ಹೇಳಿಕೊಡುವಾಗ, ಗಾಡಿ ಹತ್ತುವವನು ಎಲ್ಲಿ ಕೂರಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ನಿಂತುಕೊಂಡೇ ಕಾಫಿ ಕುಡಿದೆ. ಹಾಲಿಲ್ಲದ ಬೆಲ್ಲದ ಕಾಫಿ. ಅದನ್ನು ಅವರು ಎಲ್ಲ ಹೊತ್ತಿನಲ್ಲೂ ಕುಡಿಯುತ್ತಾರೆ. ನಮ್ಮಲ್ಲಿ ನೀರು ಕೊಡುವ ಹಾಗೆ ಬಂದವರಿಗೆ ಮೊದಲು ಅದನ್ನೇ ಕೊಡುತ್ತಾರೆ. ಮೊದಲ ಗುಟುಕಿಗೆ ಮುಖ ಕಿವುಚಿದರೂ ಎರಡನೆ ಲೋಟ ಕೇಳಿದೆ.

ತೊರೆಯ ದಡ

ಮಾದಾಪುರದ ದಾರಿಯಲ್ಲಿ ಬಸ್ಸು ಇಳಿಸಿದ ಕಡೆ ಭಾವ ಪಂಚೆ ಎತ್ತಿಕಟ್ಟಿ ನಿಂತಿದ್ದರು. ತೆಳ್ಳಗಾಗಿದ್ದರು. ರಸ್ತೆಯ ಈ ಪಕ್ಕ ಎಸ್ಟೇಟಿನ ಬಂಗಲೆ, ಕಾಫಿ ಒಣಗಿಸುವ ಕಣ. ಆ ಪಕ್ಕ ಇಳಿದರೆ ತೊರೆ. ತೊರೆಯಾಚೆ ಒಂದು ಕಡೆ ನಮ್ಮವರ ಕೊಪ್ಪಲು, ಇನ್ನೊಂದು ಕಡೆ ಎಸ್ಟೇಟಿನ ಆಳುಗಳು ಇರುವ ಸಾಲುಮನೆಗಳು. ಅವನ್ನು ಅಲ್ಲಿ ಲೈನು ಎನ್ನುತ್ತಾರೆ. ಎರಡೂ ಊರಿಗೆ ರಸ್ತೆಗೆ ಬರಲು ಈ ತೊರೆಯೇ ದಾರಿ. ಸೇತುವೆ ಇಲ್ಲ.

“ಈಗ ಮಂಡಿಯುದ್ದ ನೀರು ಮೇಷ್ಟ್ರೆ, ಭಯ ಬೇಡ,” ಎಂದು ಭಾವ ನನ್ನ ಕೈ ಹಿಡಿದರು. ಭಯವಿಲ್ಲ ಎಂದು ಕೈ ಬಿಡಿಸಿಕೊಂಡೆ. ನಾಲ್ಕು ಹೆಜ್ಜೆಗೆ ಪಾಚಿಗಟ್ಟಿದ ಕಲ್ಲು ನನ್ನನ್ನು ಕೂರಿಸಿತು. ಎಳ್ಳುಬೆಲ್ಲದ ಡಬ್ಬಿ ಎತ್ತಿ ಹಿಡಿದು ಉಳಿಸಿಕೊಂಡೆ, ಎಡಗಾಲಿನ ಚಪ್ಪಲಿ ಕಾವೇರಿಯ ಕಡೆ ಹೊರಟುಹೋಯಿತು.

ನಾನು ನಕ್ಕೆ. ಭಾವ ನಗಲಿಲ್ಲ. ಆಮೇಲೆ ನನಗೆ ನೆನಪಾಗಿ ನಾಚಿಕೆಯಾಯಿತು. ಹೋದ ಆಷಾಢದಲ್ಲಿ ಅಕ್ಕನ ಗಂಡುಮಗು, ಇನ್ನೂ ಎರಡು ತುಂಬದ ಮಗು, ಇದೇ ದಡದಲ್ಲಿ ತೀರಿಕೊಂಡಿತ್ತು. ಜ್ವರ ಏರಿತ್ತು. ಆಸ್ಪತ್ರೆಗೆ ಒಯ್ಯಲು ಎತ್ತಿಕೊಂಡು ಬಂದರೆ ತೊರೆ ಎರಡಾಳುದ್ದ ತುಂಬಿ ಹರಿಯುತ್ತಿತ್ತು. ನೀರು ಇಳಿದೀತೆಂದು ಅಕ್ಕ ಮಳೆಗೆ ಹೊದೆಯುವ ಎಲೆಯ ಗೊರಗದಡಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ರಸ್ತೆಯಲ್ಲಿ ಬಸ್ಸು ಬಂದು ನಿಂತು, ಹಾರನ್ ಮಾಡಿ, ಹೋದದ್ದು ಅವಳಿಗೆ ಕಾಣುತ್ತಿತ್ತಂತೆ.

“ಎಲ್ಡೂ ಕಡೆಯೋರ್ನೂ ಕೇಳ್ದೆ,” ಎಂದರು ಭಾವ, ದಡ ಹತ್ತುತ್ತ. “ಒಂದು ಸಂಕ ಹಾಕ್ಸಿ ಅಂತ. ಸೇರೋರು ಹೇಳಿದ್ರು, ಮೊದ್ಲು ಮೈಸೂರಿಗೆ ಸೇರ್ಲಿ, ಆಮೇಲೆ ಎಲ್ಲಾ ತಾನಾಗೇ ಬತ್ತದೆ ಅಂತ. ಸೇರದೋರು, ನೀವೇ ಮೈಸೂರಿನೋರು, ಅಲ್ಲೇ ಹೋಗಿ ಕೇಳಿ ಅಂದ್ರು. ಅದ್ಕೇ ನಿಂತೆ. ಸೇರೋದು ಬಿಡೋದು ದೊಡ್ಡೋರು ನೋಡ್ಕೊಳ್ಲಿ. ನನ್ಗೆ ಈ ತೊರೆ ದಾಟ್ಬೇಕು, ಅಷ್ಟೆಯ.”

ಸಂಕ ಎಂದರೆ ಬಿದಿರಿನ ಕಾಲುಸೇತುವೆ. ನಮ್ಮ ಸೀಮೆಯಲ್ಲಿ ಆ ಮಾತೇ ಇಲ್ಲ. ಭಾವನ ನಾಲಿಗೆಗೆ ಈ ದೇಶ ಹತ್ತಿದೆ ಎಂದುಕೊಂಡೆ.

ಕೊಪ್ಪಲು

ಅಕ್ಕ ನನ್ನ ಒದ್ದೆ ಬಟ್ಟೆ ನೋಡಿ ಮೊದಲು ಬೈದಳು, ಆಮೇಲೆ ತಬ್ಬಿಕೊಂಡಳು. ಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಏಣಿ ಇತ್ತು. ಭಾವ ಹಂಚುತ್ತಿದ್ದ ಕರಪತ್ರದಲ್ಲೂ ಏಣಿ ಇತ್ತು. ಕಾಗದ ಅಗಲ, ಎತ್ತರ ಸಾಲದು. ಅಚ್ಚು ಹಾಕಿದವರು ಏಣಿಯನ್ನು ಅಡ್ಡ ಮಲಗಿಸಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಅವ್ವನ ಮಾತು ನನಗೂ ನೆನಪಾಯಿತು. ನಿಂತ ಏಣಿ ಏಣಿಯೇ, ಮಲಗಿದ ಏಣಿ ಹೆಗಲಿಗೆ ಕಾಯುತ್ತಿರುವ ಹಾಗೆ ಕಾಣುತ್ತಿತ್ತು.

ಕೊಪ್ಪಲಿಗೆ ಹಿರಿಯರು ಮರಿಗೌಡಜ್ಜ. ಮೊದಲು ಹೊಳೆ ದಾಟಿ ಬಂದು ಉಳಿದವರಿಗೆಲ್ಲ ದಾರಿ ತೋರಿಸಿದವರು. ಅವರು ಜಗಲಿಗೆ ಬಂದು ಕೂತು ನನ್ನನ್ನು ನ್ಯಾಯಕ್ಕೆ ಕರೆದರು.

“ನೀನು ಓದ್ದೋನು, ಹೇಳು. ಸೇರೋರ್ಗೆ ನಾವು ಓಟು ಹಾಕ್ತೀವಿ ಅಂತ ಮಾತು ಕೊಟ್ಟಾಗದೆ. ನಮ್ ನಂಟಸ್ತಿಕೆಯೆಲ್ಲ ಹೊಳೆ ಆಚೆ ಇರೋವಾಗ ನಾವು ಇನ್ನೆಲ್ಗೆ ಹಾಕಾನ? ಈಗ ಇವ್ನು ನಿಂತು ಓಟು ಒಡೀತವ್ನೆ. ಅತ್ಲಾಗೆ ಸೇರದೋರೂ ಇವ್ನ ಮೇಲೆ ಕಿಡಿಕಿಡಿ. ಇವ್ನ ಭತ್ತ ಮಿಲ್ನೋರು ಮುಟ್ತಾ ಇಲ್ಲ. ಇಷ್ಟು ಸಾಲ್ದು ಅಂತ ಚಟ್ಟದ್ ಗುರ್ತು!”

“ಏಣಿ, ಅಜ್ಜ,” ಎಂದೆ.

“ನೀನು ಏಣಿ ಅಂದ್ರೆ ಅದು ಏಣಿ ಆಗ್‌ಬುಟ್ಟದಾ?”

ಭಾವ ಎದ್ದು ನಿಂತರು. ದನಿ ಏರಿಸಲಿಲ್ಲ. “ಅಜ್ಜ, ನಮ್ ಕೊಪ್ಪಲಿನ ಅರ್ಧ ಜನ ಆದ್ರೂ ನನ್ ಪೆಟ್ಟಿಗೆಗೆ ಹಾಕ್ದೇ ಹೋದ್ರೆ, ನನ್ಗೆ ಇಲ್ಲಿ ಏನು ಕೆಲ್ಸ? ಗಂಟುಮೂಟೆ ಕಟ್ಕೊಂಡು ಹುಣಸೂರಿಗೆ ಹೊಂಟೋಯ್ತೀನಿ. ಇದು ನನ್ ಮಾತು.”

ಒಳಗೆ ಭತ್ತ ಕುಟ್ಟುತ್ತಿದ್ದ ಒನಕೆಯ ಸದ್ದು ನಿಂತಿತು. ಮರಿಗೌಡಜ್ಜ ಹೋದ ಮೇಲೆ ಅಕ್ಕ ಹೊರಗೆ ಬಂದಳು. ನಾನು ಅವ್ವ ಹೇಳಿ ಕಳಿಸಿದ್ದನ್ನು ಹೇಳಿದೆ: ಬಂದುಬಿಡು ಅಂತ.

“ನಾ ಬರಾಕಿಲ್ಲ ಕಣೋ ಶಿವು,” ಎಂದಳು. “ಅವ್ವಂಗೆ ಚಟ್ಟದ್ ಚಿಂತೆ. ನನ್ಗೆ ಅವ್ರು ಈಗಾಡಿದ್ ಮಾತಿನ ಚಿಂತೆ. ನನ್ ಮಗ ಇಲ್ಲೇ ಹಲಸಿನ ಮರದ್ ಬುಡದಲ್ಲಿ ಮಲಗವ್ನೆ. ಅವ್ನೊಬ್ಬನ್ನೇ ಬುಟ್ಬುಟ್ಟು ನಾ ಹೆಂಗೆ ಹೊಳೆ ದಾಟ್ಲಿ?”

ನನಗೆ ಆ ದಿನದಿಂದ ಪ್ರವಾಸಿಯಾಗಿರುವುದು ಕಷ್ಟವಾಯಿತು.

ಲೈನು

ರೈಟರ್ ಎಂದರೆ ಆ ದೇಶದಲ್ಲಿ ಕಥೆ ಬರೆಯುವವರಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ಅಲ್ಲಿಯ ರೈಟರ್ ಪೂವಯ್ಯ ಕೊಡವರು, ಬಿಳಿ ಷರಟಿನ ಅಚ್ಚುಕಟ್ಟಿನ ಮನುಷ್ಯ. ಲೈನಿನಲ್ಲಿ ಓಟು ಕೇಳಬಹುದೇ ಎಂದು ಭಾವ ಕೇಳಿದಾಗ ಮೀಸೆ ತೀಡಿಕೊಂಡು ಹೇಳಿದರು:

“ನಾನು ಸೇರದವರ ಕಡೆ ಗೌಡ್ರೆ. ನಿಮಗೆ ಓಟು ಹಾಕೋದಿಲ್ಲ. ಆದ್ರೆ ಮಾತಾಡ್ಬೇಡಿ ಅಂತ ಹೇಳ್ಲಿಕ್ಕೆ ಆಗ್ತದ? ಸಂಜೆ ಕಾಫಿ ಪಿಕಿಂಗ್ ಮುಗಿದ ಮೇಲೆ ಬನ್ನಿ.”

ಕೊಪ್ಪಲಿನವರಿಗೂ ಲೈನಿನವರಿಗೂ ಕೂಗಳತೆಯ ದೂರ. ಆದರೂ ಇಷ್ಟು ವರ್ಷ ಒಬ್ಬರ ಮನೆಗೆ ಒಬ್ಬರು ಹೋದದ್ದಿಲ್ಲ. ನಮ್ಮವರು ಅವರನ್ನು ಕೂಲಿಯವರು ಎನ್ನುತ್ತಾರೆ, ಅವರು ನಮ್ಮವರನ್ನು ಏನನ್ನುತ್ತಾರೋ ನಾನು ಕೇಳಲಿಲ್ಲ. ಅಲ್ಲಿ ತಮಿಳರಿದ್ದರು, ಮಲೆಯಾಳಿಗಳಿದ್ದರು. ಕಾಫಿ ಹಣ್ಣಿನ ಬುಟ್ಟಿ ಇಳಿಸಿ ಕೈಕಾಲು ತೊಳೆದುಕೊಂಡು ಅಂಗಳದಲ್ಲಿ ಕೂತರು. ಭಾವ ಮಾತಿನ ಮಲ್ಲರಲ್ಲ. ತೊರೆ ತೋರಿಸಿದರು. ಸಂಕ ಹಾಕಿಸುತ್ತೇನೆ ಎಂದರು. ಮಗುವಿನ ವಿಷಯ ಹೇಳಹೊರಟು ಅರ್ಧಕ್ಕೇ ನಿಲ್ಲಿಸಿದರು. ಯಾರಿಗೂ ಏನೂ ಅರ್ಥವಾದಂತೆ ಕಾಣಲಿಲ್ಲ.

ಅಷ್ಟರಲ್ಲಿ ಮುಂದೆ ಕೂತಿದ್ದ ಚೆಲ್ಲಮ್ಮ ಎಂಬ ಗಟ್ಟಿ ಹೆಂಗಸು ಎದ್ದು ಕೂಗಿದಳು: “ಪಾಲಂ ವೇಣುಂ!” ಹಿಂದಿನವರೂ ಸೇರಿಕೊಂಡರು. “ಪಾಲಂ! ಪಾಲಂ!”

ಭಾಷೆ ಬಲ್ಲವನಂತೆ ನಾನು ಭಾವನ ಕಿವಿಯಲ್ಲಿ ಹೇಳಿದೆ, “ಪಾಲು ಕೇಳ್ತಾ ಇದಾರೆ.”

ಭಾವನ ಮುಖ ಇಳಿಯಿತು. “ಯಾವುದ್ರಲ್ಲಿ?”

“ಗದ್ದೇಲಿ ಇರಬೇಕು.”

“ನನ್ದೇ ಗುತ್ತಿಗೆ ಗದ್ದೆ. ಅದ್ರಲ್ಲಿ ಇವ್ರಿಗೆಲ್ಲಾ ಏನು ಕೊಡ್ಲಿ?” ಎಂದು ಗೊಣಗಿದವರು, ಜನ ಕೂಗುತ್ತಲೇ ಇದ್ದದ್ದು ನೋಡಿ, ಆದದ್ದಾಗಲಿ ಎಂದು ಕೈ ಎತ್ತಿದರು. “ಆಗ್ಲಿ ಕಣ್ರಪ್ಪ! ನಾ ಬೆಳೆದದ್ರಲ್ಲಿ ನಿಮ್ಗೂ ಪಾಲು!”

ಅಂಗಳವೆಲ್ಲ ಚಪ್ಪಾಳೆ. ಪೂವಯ್ಯ ನಗು ತಡೆಯಲಾರದೆ ಕಣ್ಣೊರೆಸಿಕೊಳ್ಳುತ್ತಿದ್ದರು. “ಪಾಲು ಅಲ್ಲ ಮಾರಾಯ್ರೆ, ಪಾಲಂ! ತಮಿಳಲ್ಲೂ ಅದೇ, ಮಲೆಯಾಳದಲ್ಲೂ ಅದೇ, ನಮ್ಮ ಕೊಡವ ಮಾತಲ್ಲಿ ಪಾಲ. ಸಂಕ, ಸೇತುವೆ ಬೇಕು ಅಂತ! ನೀವು ಇಷ್ಟು ಹೊತ್ತು ಹೇಳಿದ್ದನ್ನೇ ಅವರು ಕೇಳ್ತಾ ಇರೋದು.”

ಭಾವ ಆ ಚಳಿಯಲ್ಲೂ ಬೆವರಿದ್ದರು. ಕರಪತ್ರ ಹಂಚಿ ಹೊರಟೆವು. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಒಬ್ಬರಿಗೊಬ್ಬರು ತೋರಿಸಿ, “ಪಾಲಂ, ಪಾಲಂ” ಎನ್ನುತ್ತಲೇ ಇದ್ದರು. ಒಂದು ಮಾತು ಸಿಕ್ಕರೆ ಇವರು ಬಿಡುವುದಿಲ್ಲವಲ್ಲ ಎಂದುಕೊಂಡೆ.

ಓಟಿನ ದಿನ

ಕೊಪ್ಪಲಿನವರಿಗೆ ಅಲ್ಲಿಯ ಶಾಲೆಯ ಜಗಲಿಯಲ್ಲಿ, ಲೈನಿನವರಿಗೆ ಮಾದಾಪುರದಲ್ಲಿ ಓಟು. ಒಳಗೆ ಪರದೆಯ ಹಿಂದೆ ಮೂರು ತಗಡಿನ ಪೆಟ್ಟಿಗೆ, ಒಂದೊಂದರ ಮೇಲೂ ಒಬ್ಬೊಬ್ಬರ ಚಿತ್ರ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ಭಾವನ ಪೆಟ್ಟಿಗೆ ನಡುವೆ. ಪೆಟ್ಟಿಗೆ ಕುಳ್ಳಾದ್ದರಿಂದ ಅಲ್ಲೂ ಏಣಿಯನ್ನು ಮಲಗಿಸಿಯೇ ಅಂಟಿಸಿದ್ದಾರೆಂದು ಒಳಗೆ ಹೋಗಿ ಬಂದ ಭಾವ ಹೇಳಿದರು. ನಾನು ಪರದೇಶದವನಾದ್ದರಿಂದ ಹುಣಸೆಮರದ ಕೆಳಗೆ ಕೂತು ನೋಡಿದೆ.

ಜನ ಮದುವೆಗೆ ಬಂದ ಹಾಗೆ ಬಂದಿದ್ದರು. ಮುದುಕಿಯರು ಸೆರಗಿನಲ್ಲಿ ಪುರಿ ಕಟ್ಟಿಕೊಂಡು ಬಂದು ಸಾಲಿನಲ್ಲಿ ಮೆಲ್ಲುತ್ತಿದ್ದರು. ಭಾವನ ಕಣ್ಣಿಗೆ ಬಿದ್ದರೆ ನಗುತ್ತಿದ್ದರು, ಕ್ಷೇಮ ಕೇಳುತ್ತಿದ್ದರು. ಯಾರ ಮುಖದಲ್ಲೂ ಕೋಪವಿರಲಿಲ್ಲ. ಅಕ್ಕ ಓಟು ಹಾಕಿ ಹೊರಗೆ ಬಂದು ನೇರ ಮನೆಗೆ ಹೋದಳು. ಸಂಜೆಯವರೆಗೆ ಭಾವ ಒಂದು ಲೋಟ ಕಾಫಿಯನ್ನೂ ಮುಟ್ಟಲಿಲ್ಲ.

ಮಡಿಕೇರಿ

ಎಣಿಕೆಗೆ ಏಜೆಂಟಾಗಿ ಭಾವ ನನ್ನನ್ನೇ ಕರೆದೊಯ್ದರು. ಪರರಾಜ್ಯದವನು ಕೂರಬಹುದೇ ಎಂದು ಒಬ್ಬರು ಕೇಳಿದರು. ಕೂರಬಾರದೆಂದು ಎಲ್ಲೂ ಬರೆದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಕೋಟೆಯೊಳಗಿನ ಕಚೇರಿ. ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಾಗಿಲಲ್ಲಿ ನಿಂತ ಪೊಲೀಸಿನವನ ಟೋಪಿ ಮಾತ್ರ ಕಾಣುತ್ತಿತ್ತು. ಮಡಿಕೇರಿಯವರು ಅದಕ್ಕೆ ಮಂಜು ಅನ್ನುವುದೂ ಇಲ್ಲ; “ಸ್ವಲ್ಪ ಮಬ್ಬು” ಎನ್ನುತ್ತಾರೆ.

ಕೊಪ್ಪಲಿನ ಪೆಟ್ಟಿಗೆಗಳು ಮೇಜಿಗೆ ಬಂದವು. ಭಾವನ ಪೆಟ್ಟಿಗೆಯ ಬೀಗ ತೆಗೆದು ಕವುಚಿದರು. ಮೊದಲು ಉದುರಿದ್ದು ಪುರಿ. ಬಿಳಿ ಪುರಿ ಮೇಜಿನ ತುಂಬ ಹರಡಿಕೊಂಡಿತು. ಅದರ ಜೊತೆ ನಾಲ್ಕು ತುಳಸಿ ದಳ. ಕೊನೆಗೆ ಬೆರಳೆಣಿಕೆಯ ಚೀಟಿಗಳು.

ಮೇಜಿನ ಸುತ್ತ ಯಾರೋ ಕಿಸಕ್ಕೆಂದರು. ಅಲ್ಲಿಯವರಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು. ನಮ್ಮ ಸೀಮೆಯಲ್ಲಿ ಚಟ್ಟ ಎದುರಾದರೆ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ, ಒಂದು ಹಿಡಿ ಪುರಿ ಎಸೆದು ಕೈ ಮುಗಿಯುತ್ತಾರೆ. ಆ ಮುದುಕಿಯರು ಪರದೆಯ ಹಿಂದೆ ಮಲಗಿದ ಏಣಿಯನ್ನು ನೋಡಿ ಭಕ್ತಿಯಿಂದಲೇ ಪುರಿ ಹಾಕಿ, ಓಟನ್ನು ಪಕ್ಕದ ಪೆಟ್ಟಿಗೆಗೆ ಹಾಕಿದ್ದರು. ಭಾವ ಒಂದು ಕಾಳು ಪುರಿ ಕೈಗೆ ತೆಗೆದುಕೊಂಡು ನೋಡಿ ಮತ್ತೆ ಮೇಜಿನ ಮೇಲಿಟ್ಟರು. ನನ್ನ ಭಾವನನ್ನು ನಾನು ಆಗಿನಷ್ಟು ಒಂಟಿಯಾಗಿ ಎಂದೂ ನೋಡಿಲ್ಲ.

ಆಮೇಲೆ ಮಾದಾಪುರದಲ್ಲಿಟ್ಟಿದ್ದ ಭಾವನ ಪೆಟ್ಟಿಗೆ ಬಂತು. ಕವುಚಿದರೆ ಚೀಟಿ ಬೀಳಲಿಲ್ಲ. ಅಷ್ಟು ಒತ್ತೊತ್ತಾಗಿ ತುಂಬಿತ್ತು. ಅಧಿಕಾರಿ ಕೈ ಹಾಕಿ ಕಂತೆ ಕಂತೆಯಾಗಿ ಎಳೆದರು. ಇಬ್ಬರು ಎದುರಾಳಿಗಳ ಏಜೆಂಟರೂ ಒಮ್ಮೆಗೇ ಎದ್ದು ನಿಂತರು. ಅವರಿಬ್ಬರೂ ಒಟ್ಟಿಗೆ ಏನನ್ನಾದರೂ ಮಾಡಿದ್ದನ್ನು ನಾನು ಆ ದೇಶದಲ್ಲಿ ನೋಡಿದ್ದು ಅದೊಂದೇ ಸಲ.

ಆದರೂ ಅಷ್ಟು ಸಾಲಲಿಲ್ಲ. ಭಾವ ಮೂರನೆಯವರಾಗಿಯೇ ಸೋತರು. ಗೆದ್ದವರ ಕಡೆ ಪಟಾಕಿ ಹೊಡೆದರು. ಸೋತವರು ನಮ್ಮ ಓಟು ತಿಂದ ಎಂದು ಭಾವನನ್ನು ಬೈದರು.

“ಲೈನಿನವರು ಇಷ್ಟೊಂದು ಹಾಕಿದ್ದಾರಲ್ಲ ಭಾವ,” ಎಂದೆ, ಬಸ್ಸಿನಲ್ಲಿ.

“ಹಾಕವ್ರೆ. ಯಾಕೋ ಏನೋ, ದೇವ್ರು ಅವ್ರನ್ನ ಚೆನ್ನಾಗಿಟ್ಟಿರ್ಲಿ,” ಎಂದರು. “ಆದ್ರೆ ನಾ ಮಾತು ಕೊಟ್ಟಿರೋದು ನಮ್ ಕೊಪ್ಪಲಿಗೆ. ನಾಳೆ ಗಾಡಿ ಕಟ್ಟಾನ.”

ಮತ್ತೆ ತೊರೆ

ಮಾರನೆ ಬೆಳಿಗ್ಗೆ ಗಾಡಿ ಅಂಗಳದಲ್ಲಿ ನಿಂತಿತ್ತು. ಅಕ್ಕ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದಳು. ಅಳುತ್ತಿರಲಿಲ್ಲ, ಒಂದೇ ಪಾತ್ರೆಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಒಂದು ಸಲ ಹಲಸಿನ ಮರದ ಕಡೆ ಹೋಗಿ ಬಂದಳು. ಮರಿಗೌಡಜ್ಜ ಬಂದು, “ಮಾತಿಗೆ ಬಂದ್ ಮಾತು ಕಣೋ ಬೋರ, ಬುಡು ಅತ್ಲಾಗೆ,” ಎಂದರು. ಭಾವ ಕೇಳಲಿಲ್ಲ. ಅವ್ವ ಕಳಿಸಿದ ಕೆಲಸ ಕೈಗೂಡಿತ್ತು. ನನಗೆ ಮಾತ್ರ ಅದು ಯಾರಿಗೂ ಬೇಡವಾಗಿತ್ತು ಎನಿಸುತ್ತಿತ್ತು.

ಆಗ ಲೈನಿನ ಕಡೆಯಿಂದ ಜನ ಬಂದರು. ಮುಂದೆ ಚೆಲ್ಲಮ್ಮ, ಹಿಂದೆ ಕತ್ತಿ ಹಿಡಿದ ಗಂಡಸರು, ಕೊನೆಯಲ್ಲಿ ರೈಟರ್ ಪೂವಯ್ಯ. ಕತ್ತಿ ನೋಡಿ ಕೊಪ್ಪಲಿನವರು ಬಾಗಿಲಿಗೆ ಬಂದರು. ಚೆಲ್ಲಮ್ಮ ನೇರ ಭಾವನ ಮುಂದೆ ನಿಂತು, ಸೊಂಟದಿಂದ ಮಡಿಸಿದ ಕರಪತ್ರ ತೆಗೆದು ಬಿಡಿಸಿದಳು. ಮಲಗಿದ ಏಣಿಯ ಮೇಲೆ ಬೆರಳಿಟ್ಟಳು.

“ಪಾಲಂ. ನಾವು ಹಾಕಿದ್ದು ಇದಕ್ಕೆ. ಎಪ್ಪೊ? ಯಾವಾಗ?”

ಭಾವ ಪೂವಯ್ಯನವರ ಮುಖ ನೋಡಿದರು. ಪೂವಯ್ಯ ಈ ಸಲ ನಗಲಿಲ್ಲ. “ಇದು ಏಣಿ ಅಂತ ಇವರಿಗೆ ಗೊತ್ತೇ ಇಲ್ಲ ಗೌಡ್ರೆ. ಇಲ್ಲಿ ಪೆಪ್ಪರ್ ಕೊಯ್ಯೋ ಏಣಿ ಒಂಟಿ ಬಿದಿರಿಂದು, ಗೆಣ್ಣಿಗೆ ಕಾಲಿಟ್ಟು ಹತ್ತೋದು. ಎರಡು ಬಿದಿರು ಮಲಗಿಸಿ ಅಡ್ಡಪಟ್ಟಿ ಕಟ್ಟಿದ್ರೆ ಅದು ಪಾಲಂ. ನೀವು ಸೇತುವೆ ಮಾಡಿಸ್ತೀನಿ ಅಂದ್ರಿ, ಸೇತುವೆ ಚಿತ್ರ ಕೊಟ್ರಿ. ಇವರು ಸೇತುವೆಗೇ ಓಟು ಹಾಕಿದ್ರು. ನನಗೂ ನಿನ್ನೆ ಸಂಜೆ ತನಕ ತಿಳೀಲಿಲ್ಲ.”

“ನಾನು ಸೋತಿದೀನಿ ಕಣವ್ವ,” ಎಂದರು ಭಾವ. “ಗೆದ್ದೋರ್ನ ಕೇಳಿ.”

ಪೂವಯ್ಯ ತಿಳಿಸಿದರು. ಚೆಲ್ಲಮ್ಮ ತಲೆ ಅಲ್ಲಾಡಿಸಿದಳು. “ಗೆದ್ದವರು ಪಾಲಂ ಹೇಳಿಲ್ಲ. ನೀ ಹೇಳಿದ್ದು.”

ಭಾವ ಗಾಡಿಯ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. ಅಕ್ಕನ ಕೈಯಲ್ಲಿ ಪಾತ್ರೆ ಹಾಗೇ ಇತ್ತು. ಭಾವ ಒಳಗೆ ಹೋಗಿ, ಮೂಟೆಗೆ ಕಟ್ಟಿದ್ದ ಹಗ್ಗ ಬಿಚ್ಚಿ, ಕೊಡಲಿ ಹೆಗಲಿಗಿಟ್ಟು ಹೊರಗೆ ಬಂದರು.

ಅವತ್ತು ಪೂವಯ್ಯ ಲೈನಿನವರಿಗೆಲ್ಲ ಹಾಜರಿ ಹಾಕಿದರಂತೆ. ಎಸ್ಟೇಟಿನವರಿಗೆ ಏನು ಹೇಳಿದರೋ ಅವರಿಗೇ ಗೊತ್ತು. ಮಳೆಗಾಲದ ನೀರು ಮುಟ್ಟದ ಎತ್ತರಕ್ಕೆ, ಎರಡು ದಡದ ಎರಡು ಮತ್ತಿಮರಗಳ ನಡುವೆ, ಉದ್ದುದ್ದ ಬಿದಿರನ್ನು ಜೋಡಿಸಿ ಬಿಗಿದರು. ಕೆಳಗೆ ಬಂಡೆಯ ಮೇಲೆ ಕವೆ ನಿಲ್ಲಿಸಿದರು. ಅಡ್ಡಪಟ್ಟಿ ಕಟ್ಟಿ, ಹಿಡಿದು ನಡೆಯಲು ಮೇಲೊಂದು ಕೈಹಗ್ಗ ಬಿಗಿದರು. ನಮ್ಮ ಕೊಪ್ಪಲಿನ ಗಂಡಸರು ಮೊದಲು ದೂರ ನಿಂತಿದ್ದರು. ಆಮೇಲೆ ಹಗ್ಗ ಹಿಡಿದುಕೊಟ್ಟರು, ಆಮೇಲೆ ಬಿದಿರು ಕಡಿದರು. ನಾನೂ ಪಟ್ಟಿ ಕಟ್ಟಿದೆ. ನಾನು ಕಟ್ಟಿದ್ದನ್ನು ಚೆಲ್ಲಮ್ಮ ಬಿಚ್ಚಿ ಮತ್ತೆ ಕಟ್ಟಿದಳು.

ಹೊತ್ತು ಇಳಿಯುವಾಗ ಮುಗಿಯಿತು. ನೋಡಿದರೆ ಅದು ಮಲಗಿದ ಏಣಿಯೇ. ಲೈನಿನವರು ಕೇಕೆ ಹಾಕಿದರು. ಕೊಪ್ಪಲಿನವರು ಹಾಕಲಿಲ್ಲ. ಮರಿಗೌಡಜ್ಜ ದಡಕ್ಕೆ ಬಂದು ಒಂದು ಕಾಲು ಮುಂದಿಟ್ಟು ಹಿಂದಕ್ಕೆ ತೆಗೆದುಕೊಂಡರು. ಅವರ ಹಿಂದೆ ನಿಂತಿದ್ದವರೂ ಕದಲಲಿಲ್ಲ. ಬದುಕಿರುವವರು ಅದರ ಮೇಲೆ ಹತ್ತುವುದು ಹೇಗೆ ಎಂಬುದು ಅವರ ಮುಖದಲ್ಲೇ ಇತ್ತು.

ಅಕ್ಕ ಜನರನ್ನು ಸರಿಸಿಕೊಂಡು ಬಂದಳು. ಸೆರಗು ಸೊಂಟಕ್ಕೆ ಸಿಗಿಸಿ, ಕೈಹಗ್ಗ ಹಿಡಿದು, ಸಂಕದ ಮೇಲೆ ಕಾಲಿಟ್ಟಳು. ಬಿದಿರು ಕಿರುಗುಟ್ಟಿತು. ಭಾವ “ಸಾಕೀ, ನಿಧಾನ,” ಎಂದರು. ಅವಳು ತಿರುಗಿ ನೋಡಲಿಲ್ಲ. ಕೆಳಗೆ ನೀರನ್ನೂ ನೋಡಲಿಲ್ಲ. ಹಾಗೇ ನಡೆದು ಆಚೆ ದಡಕ್ಕೆ ಇಳಿದು, ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗದವರೆಗೆ ಹೋಗಿ, ಅಲ್ಲಿಂದ ತಿರುಗಿ ಈ ದಡವನ್ನು ನೋಡಿದಳು. ಆಷಾಢದಲ್ಲಿ ತಾನು ಕೂತಿದ್ದ ಜಾಗವನ್ನು ನೋಡಿದಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

“ಇಷ್ಟೇನೇನೋ ಶಿವು?” ಎಂದು ಆಚೆಯಿಂದ ಕೂಗಿದಳು. “ಇಷ್ಟೇ ಇತ್ತೇನೋ ದೂರ?”

ಭಾವ ಮುಖ ಮುಚ್ಚಿಕೊಂಡು ದಡದಲ್ಲೇ ಕುಕ್ಕರುಗಾಲಲ್ಲಿ ಕೂತರು. ಚೆಲ್ಲಮ್ಮ ಸಂಕದ ಮೇಲೆ ನಡೆದು ಅಕ್ಕನ ಹತ್ತಿರ ಹೋದಳು.